ಬೆನ್ನಿಗೆ ಬಿಸಿಲು, ಎದುರಿಗೆ ಬಿಲ್ಲು

ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಆ ಲೆಕ್ಕದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರಿಗೆ ಕಾಮನಬಿಲ್ಲು ನೋಡಿ ನೋಡಿ ಬೇಜಾರು ಬಂದಿರಬೇಕಿತ್ತು. ಹಾಗೇನೂ ಆಗಿಲ್ಲ. ಆಟಿ ತಿಂಗಳಲ್ಲಿ ವಾರಗಟ್ಟಲೆ ಹನಿ ಕಡಿಯದೆ ಸುರಿದರೂ ಒಂದು ಬಿಲ್ಲಿನ ಸುಳಿವಿರುವುದಿಲ್ಲ. ಅದೇ ಸೋಣ ತಿಂಗಳ ಯಾವುದೋ ಒಂದು ಸಂಜೆ, ಹತ್ತು ನಿಮಿಷ ಜಡಿದು ಹೋದ ಮಳೆಯ ಹಿಂದೆಯೇ ಒಂದರ ಮೇಲೊಂದು ಎರಡು ಬಿಲ್ಲು ಮೂಡಿ, ಊರಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೆಲ್ಲ ಅದರದ್ದೇ ಫೋಟೊ.

ಕಾರಣ ಸರಳ. ಬಿಲ್ಲಿಗೆ ಮಳೆ ಎಷ್ಟು ಬೇಕೋ ಬಿಸಿಲೂ ಅಷ್ಟೇ ಬೇಕು. ಜೂನ್, ಜುಲೈಯಲ್ಲಿ ಅರಬ್ಬಿ ಸಮುದ್ರದಿಂದ ಘಟ್ಟದ ತನಕ ಮೋಡ ಒಂದೇ ಹಾಸಾಗಿ ಹಾಸಿಕೊಂಡಿರುತ್ತದೆ. ಹನಿಗಳಿಗೇನೂ ಬರವಿಲ್ಲ, ಅವುಗಳ ಮೇಲೆ ಬೀಳಬೇಕಾದ ನೇರ ಕಿರಣಗಳಿಗೆ ಬರ. ಆಗಸ್ಟ್ ಮಧ್ಯದಲ್ಲಿ ಸೋಣ ಹುಟ್ಟುವ ಹೊತ್ತಿಗೆ ಮೋಡದ ಹಾಸು ಅಲ್ಲಲ್ಲಿ ಹರಿಯುತ್ತದೆ. ಮನೆಯ ಒಂದು ಬದಿಯ ಅಂಗಳದಲ್ಲಿ ಬಿಸಿಲು, ಇನ್ನೊಂದು ಬದಿಯಲ್ಲಿ ಮಳೆ. ಮಕ್ಕಳು ನರಿಗೆ ಮದುವೆ ಎಂದು ಕುಣಿಯುವ ಕಾಲ ಇದು. ಬಿಲ್ಲಿನ ಹಂಗಾಮು ಇಲ್ಲಿಂದ ಶುರುವಾಗಿ, ಗುಡುಗುಮಳೆಯ ಬೊಂತೆಲ್ ತಿಂಗಳು ಕಳೆಯುವ ನವೆಂಬರ್ ತನಕ ನಡೆಯುತ್ತದೆ.

ಮಳೆ, ಬಿಸಿಲು ಎರಡೂ ಇದ್ದ ಮಾತ್ರಕ್ಕೆ ಬಿಲ್ಲು ಕಾಣಬೇಕೆಂದಿಲ್ಲ. ಅವೆರಡರ ನಡುವೆ ನಾವು ಎಲ್ಲಿ ನಿಂತಿದ್ದೇವೆ ಎಂಬುದು ಮುಖ್ಯ. ಬಿಸಿಲು ಬೆನ್ನಿಗೆ ಬೀಳಬೇಕು, ಮಳೆ ಎದುರಿಗಿರಬೇಕು. ಸೂರ್ಯನಿಂದ ಹೊರಟ ಒಂದು ಗೆರೆ ನಮ್ಮ ತಲೆಯನ್ನು ಹಾದು ಮುಂದಕ್ಕೆ ಹೋಗುತ್ತದೆ ಎಂದುಕೊಳ್ಳಿ. ನೆಲದ ಮೇಲೆ ನಮ್ಮ ತಲೆಯ ನೆರಳು ಬೀಳುವುದು ಆ ಗೆರೆಯಲ್ಲೇ. ಆ ನೆರಳನ್ನು ನಡುವಿಟ್ಟುಕೊಂಡು ಸುತ್ತ 42 ಡಿಗ್ರಿ ಕೋನದಲ್ಲಿ ಒಂದು ವರ್ತುಲ ಎಳೆದರೆ ಅದೇ ಕಾಮನಬಿಲ್ಲಿನ ಜಾಗ. ಕೋನ ಅಳೆಯಲು ಯಂತ್ರ ಬೇಡ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳು, ಕಿರುಬೆರಳು ಅಗಲಿಸಿದರೆ ಆ ಗೇಣು ಕಣ್ಣಿಗೆ ಸುಮಾರು 20 ಡಿಗ್ರಿ. ತಲೆಯ ನೆರಳಿನಿಂದ ಎರಡು ಗೇಣು ದೂರಕ್ಕೆ ಕಣ್ಣು ಹಾಯಿಸಿದರೆ ಸರಿ. ಅಲ್ಲಿ ಬಿಸಿಲು ಬಿದ್ದ ಹನಿಗಳಿದ್ದರೆ ಬಿಲ್ಲು ಇದ್ದೇ ಇರುತ್ತದೆ.

ಈ ಒಂದು ಕೋನ ಗೊತ್ತಿದ್ದರೆ ಗಡಿಯಾರ ನೋಡಿಯೇ ಎಷ್ಟೋ ಹೇಳಬಹುದು. ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಮೇಲೇರಿದರೆ ವರ್ತುಲವಿಡೀ ನೆಲದ ಕೆಳಗೆ ಇಳಿದುಬಿಡುತ್ತದೆ. ನಮ್ಮ ಮೂರೂ ಊರುಗಳಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಅತ್ಯಂತ ತಗ್ಗಿನಲ್ಲಿ ಸಾಗುವ ಡಿಸೆಂಬರ್ 21ರಂದು ಕೂಡ ನಡು ಮಧ್ಯಾಹ್ನಕ್ಕೆ ಅವನು ಇಲ್ಲಿ 53 ಡಿಗ್ರಿ ದಾಟಿರುತ್ತಾನೆ. ಎಂದರೆ ವರ್ಷದ ಯಾವ ದಿನವೂ, ಎಂಥ ಮಳೆ ಬಂದರೂ, ಬಿ.ಸಿ.ರೋಡಿನ ಬಯಲಲ್ಲಿ ನಿಂತವರಿಗೆ ನಡು ಮಧ್ಯಾಹ್ನದ ಆಕಾಶದಲ್ಲಿ ಕಾಮನಬಿಲ್ಲು ಕಾಣುವಂತಿಲ್ಲ. ಲಂಡನ್ನಿನವರಿಗೆ ಚಳಿಗಾಲದಲ್ಲಿ ಈ ತಾಪತ್ರಯವಿಲ್ಲ. ಅಲ್ಲಿನ ಡಿಸೆಂಬರ್ ಸೂರ್ಯ 15 ಡಿಗ್ರಿಯ ಆಚೀಚೆಯೇ ತೆವಳುವುದರಿಂದ ಹಗಲಿಡೀ ಅವಕಾಶ ಇದೆ. ನಮಗೆ ಸೋಣದಲ್ಲಿ ಬೆಳಿಗ್ಗೆ ಒಂಬತ್ತೂ ಕಾಲಿನ ಒಳಗೆ, ಇಲ್ಲವಾದರೆ ಸಂಜೆ ಮೂರೂವರೆ, ನಾಲ್ಕರ ನಂತರ. ನವೆಂಬರಿನಲ್ಲಿ ಮೂರು ಗಂಟೆಗೆ ಮೊದಲೇ ಬಾಗಿಲು ತೆರೆಯುತ್ತದೆ.

ಬಿಲ್ಲಿನ ಎತ್ತರವನ್ನೂ ಹೀಗೆಯೇ ಲೆಕ್ಕ ಹಾಕಬಹುದು. ಸೆಪ್ಟೆಂಬರ್ ಮೊದಲ ವಾರ ಸಂಜೆ ಐದಕ್ಕೆ ಸೂರ್ಯ ಸುಮಾರು 23 ಡಿಗ್ರಿ ಎತ್ತರದಲ್ಲಿರುತ್ತಾನೆ. 42ರಿಂದ ಅದನ್ನು ಕಳೆದರೆ ಉಳಿಯುವುದು 19. ಬಿಲ್ಲಿನ ನೆತ್ತಿ ದಿಗಂತದಿಂದ ಒಂದು ಗೇಣು ಮೇಲೆ ಅಷ್ಟೆ. ಆರು ಗಂಟೆಯ ಬಿಲ್ಲಾದರೆ ಒಂದೂವರೆ ಗೇಣು ದಾಟುತ್ತದೆ. ಸೂರ್ಯ ಮುಳುಗುವ ಗಳಿಗೆಯಲ್ಲಿ ಪೂರ್ತಿ ಅರ್ಧ ವರ್ತುಲ. ಆದರೆ ಆಗ ಬೆಳಕಿನ ನೀಲಿ, ಹಸಿರೆಲ್ಲ ದಾರಿಯಲ್ಲೇ ಚದುರಿಹೋಗಿ ಕೆಂಪೇ ಹೆಚ್ಚು ಉಳಿದಿರುವುದರಿಂದ ಬಿಲ್ಲು ಬರೀ ಕೆಂಪಾಗಿ ಕಾಣುವುದೂ ಉಂಟು.

ಇನ್ನು ದಿಕ್ಕು. ಈ ವಿಷಯದಲ್ಲಿ ನಮ್ಮ ಮೂರು ತಾಲೂಕುಗಳ ಅದೃಷ್ಟ ದೊಡ್ಡದು. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಘಟ್ಟ. ಸಂಜೆಯ ಸೂರ್ಯ ಸಮುದ್ರದ ಮೇಲಿನ ಹರಿದ ಮೋಡಗಳ ಸಂದಿನಿಂದ ಓರೆಯಾಗಿ ಬಿಸಿಲು ಚೆಲ್ಲುವಾಗ, ಘಟ್ಟಕ್ಕೆ ಒತ್ತಿಕೊಂಡ ಮೋಡ ಇನ್ನೂ ಮಳೆ ಹೊಯ್ಯುತ್ತಲೇ ಇರುತ್ತದೆ. ಬೆನ್ನಿಗೆ ಬಿಸಿಲು, ಎದುರಿಗೆ ಮಳೆ, ಹಿನ್ನೆಲೆಗೆ ಕಡುಗಪ್ಪು ಮೋಡ, ಎಲ್ಲವೂ ಒಂದೇ ಗೆರೆಯಲ್ಲಿ. ವಗ್ಗದ ಹತ್ತಿರದ ಕಾರಿಂಜ ಬೆಟ್ಟ ಹತ್ತಿ ದೇವಸ್ಥಾನದ ಬಳಿಯಿಂದ ಮೂಡು ದಿಕ್ಕಿಗೆ ಕಣ್ಣು ಹಾಯಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೋಣದ ಬಿಲ್ಲು ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಮೂಡುತ್ತದೆ. ನವೆಂಬರಿಗೆ ಸೂರ್ಯ ತೆಂಕಣಕ್ಕೆ ಸರಿದಿರುತ್ತಾನೆ, ಬಿಲ್ಲು ಈಶಾನ್ಯಕ್ಕೆ ವಾಲುತ್ತದೆ. ಮೂಡುಬಿದಿರೆಯಿಂದ ನೋಡುವವರಿಗೆ ಆಗ ಅದು ಕುದುರೆಮುಖದ ಕಡೆಗೇ ಬೀಳುತ್ತದೆ. ಬೆಳಗಿನ ಬಿಲ್ಲಾದರೆ ಪಡುವಣಕ್ಕೆ. ಬೆಳ್ತಂಗಡಿಯವರು ಇದಕ್ಕೆ ಸೂರ್ಯ ಘಟ್ಟದ ಅಂಚಿನಿಂದ ಮೇಲೆ ಬರುವ ತನಕ ಕಾಯಬೇಕು.

ದಿಕ್ಕು ಗೊತ್ತಾದರೆ ಮಳೆಯ ಸುದ್ದಿಯೂ ಸಿಗುತ್ತದೆ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಮಳೆಯೂ ಸಮುದ್ರದಿಂದ ಘಟ್ಟದ ಕಡೆಗೆ ಸಾಗುತ್ತದೆ. ಸಂಜೆ ಮೂಡಣಕ್ಕೆ ಬಿಲ್ಲು ಕಂಡರೆ ಮಳೆ ನಮ್ಮನ್ನು ದಾಟಿ ಹೋಗಿದೆ. ಬೆಳಿಗ್ಗೆ ಪಡುವಣಕ್ಕೆ ಕಂಡರೆ ಅದು ಬರುತ್ತಾ ಇದೆ, ಅಂಗಳದಲ್ಲಿ ಏನಾದರೂ ಹರವಿದ್ದರೆ ಒಳಗೆ ತೆಗೆದುಕೊಳ್ಳಿ. ಆದರೆ ಬೊಂತೆಲ್‌ನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಮಧ್ಯಾಹ್ನದ ಸೆಕೆಗೆ ಘಟ್ಟದ ಮೇಲೆ ಮೋಡ ಎದ್ದು, ಮೂಡುಗಾಳಿಗೆ ಸಿಕ್ಕಿ, ಸಂಜೆಗೆ ಗುಡುಗು ಸಿಡಿಲಿನೊಂದಿಗೆ ಕರಾವಳಿಯತ್ತ ಇಳಿಯುತ್ತದೆ. ಆಗ ಮೂಡಣದ ಬಿಲ್ಲು ಎಂದರೆ ಬರಲಿರುವ ಮಳೆಯ ಬಿಲ್ಲು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಆರನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಇಂದ್ರಧನುಸ್ಸಿಗೆಂದೇ ಒಂದು ಅಧ್ಯಾಯ ಬರೆದಿದ್ದಾನೆ. ಮೋಡ ಕವಿದ ಆಕಾಶದಲ್ಲಿ ಗಾಳಿಗೆ ಸಿಕ್ಕಿ ಚದುರಿದ ಸೂರ್ಯನ ಬಣ್ಣಬಣ್ಣದ ಕಿರಣಗಳೇ ಬಿಲ್ಲಾಗಿ ಕಾಣುತ್ತವೆ ಎನ್ನುತ್ತಾನೆ. ಗಾಳಿಯ ಮಾತು ತಪ್ಪು, ಕಿರಣದ ಮಾತು ಸರಿ. ಶಕುನದ ಭಾಗದಲ್ಲಿ, ಪಶ್ಚಿಮದ ಬಿಲ್ಲು ಯಾವಾಗಲೂ ಮಳೆ ತರುತ್ತದೆ, ಪೂರ್ವದ ಬಿಲ್ಲು ಮಳೆ ಇರುವಾಗ ಕಂಡರೆ ಮಳೆಯನ್ನು ನಿಲ್ಲಿಸುತ್ತದೆ, ಮಳೆ ಇಲ್ಲದಾಗ ಕಂಡರೆ ಮಳೆ ತರುತ್ತದೆ ಎಂಬ ಅರ್ಥದ ಮಾತಿದೆ. ರಾಜರಿಗೆ ಆಪತ್ತು, ರೋಗ ಎಂದೆಲ್ಲ ಹೇಳುವ ಉಳಿದ ಶಕುನಗಳನ್ನು ನಾನು ಪಕ್ಕಕ್ಕಿಡುತ್ತೇನೆ. ಇದೊಂದನ್ನು ಮಾತ್ರ ನಮ್ಮ ಕರಾವಳಿಯ ಗಾಳಿಯ ಜತೆ ಇಟ್ಟು ನೋಡಿದರೆ ಆಶ್ಚರ್ಯವಾಗುವಷ್ಟು ತಾಳೆಯಾಗುತ್ತದೆ.

ಅಡಿಕೆಗೆ ಎರಡನೇ ಮದ್ದು ಬಿಡಲು ಬಿಸಿಲು ಕಾಯುತ್ತಾ ಕೂತವರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಮಳೆಗಾಲದಲ್ಲಿ ಮೂಡಣದ ಬಿಲ್ಲು ಹೇಳುವುದು ಹೋದ ಮಳೆಯ ಸುದ್ದಿಯನ್ನು ಮಾತ್ರ. ಹಿಂದಿನಿಂದ ಸಮುದ್ರದ ಕಡೆಯಲ್ಲಿ ಇನ್ನೊಂದು ಮೋಡ ಹೊರಟಿದೆಯೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಿಲ್ಲ. ಬಿಲ್ಲು ನೋಡಿ ಮುಗಿದ ಮೇಲೆ ಒಮ್ಮೆ ತಿರುಗಿ ಪಡುವಣವನ್ನೂ ನೋಡಿ ಮೈಲುತುತ್ತು ಕರಗಿಸುವುದು ಒಳ್ಳೆಯದು, ಮಾರಾಯ್ರೆ.

ಹನಿಯ ಒಳಗೆ ಏನಾಗುತ್ತದೆ? ಬೆಳಕು ಹನಿಯನ್ನು ಹೊಕ್ಕಾಗ ಬಾಗುತ್ತದೆ, ಹಿಂಬದಿಯ ಗೋಡೆಗೆ ಬಡಿದು ಒಂದು ಪಾಲು ವಾಪಸಾಗುತ್ತದೆ, ಹೊರಬರುವಾಗ ಮತ್ತೊಮ್ಮೆ ಬಾಗುತ್ತದೆ. ಹನಿಯ ಎಲ್ಲೆಲ್ಲಿಗೋ ಬಿದ್ದ ಕಿರಣಗಳು ಎಲ್ಲೆಲ್ಲಿಗೋ ಹೊರಡುತ್ತವೆಯಾದರೂ 42 ಡಿಗ್ರಿಯ ಹತ್ತಿರ ಅವು ಒತ್ತೊತ್ತಾಗಿ ಸೇರುತ್ತವೆ. ಅಲ್ಲಿ ಬೆಳಕು ದಟ್ಟ, ಆದ್ದರಿಂದ ಅಲ್ಲೇ ಬಿಲ್ಲು. ಪ್ರತಿ ಬಣ್ಣ ಬಾಗುವ ಪ್ರಮಾಣ ತುಸು ಬೇರೆಯಾಗಿರುವುದರಿಂದ ಕೆಂಪು 42 ಡಿಗ್ರಿಯ ಮೇಲ್ಬದಿಗೆ, ನೇರಳೆ ಅದಕ್ಕಿಂತ ಸುಮಾರು ಎರಡು ಡಿಗ್ರಿ ಒಳಗೆ ನಿಲ್ಲುತ್ತವೆ. ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಪರ್ಷಿಯಾದ ಕಮಾಲುದ್ದೀನ್ ಅಲ್ ಫಾರಿಸಿ, ಜರ್ಮನಿಯ ಥಿಯೋಡೊರಿಕ್, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲದೆ, ನೀರು ತುಂಬಿದ ಗಾಜಿನ ಗೋಳವನ್ನೇ ದೊಡ್ಡ ಹನಿಯೆಂದು ಇಟ್ಟುಕೊಂಡು ಈ ದಾರಿಯನ್ನು ಹಿಡಿದರು. ಕಿರಣಗಳ ಲೆಕ್ಕ ಹಾಕಿ ಕೋನಕ್ಕೆ ಕಾರಣ ತೋರಿಸಿದ್ದು 1637ರಲ್ಲಿ ದೆಕಾರ್ತ್. ಬಣ್ಣಗಳ ಗುಟ್ಟು ನ್ಯೂಟನ್ನನ ಪಾಲಿಗೆ ಬಂತು. ಬಣ್ಣ ಏಳೇ ಎಂದು ನಿಗದಿಯಾದದ್ದೂ ಅವನಿಂದಲೇ. ಸಂಗೀತದ ಸ್ವರಗಳ ಲೆಕ್ಕಕ್ಕೆ ಹೊಂದಲಿ ಎಂಬ ಆಸೆ ಅವನಿಗಿತ್ತು. ಕಣ್ಣಾರೆ ನೋಡಿದರೆ ಗಡಿಗಳಿಲ್ಲದ ಒಂದೇ ಹರಿವು ಅದು, ಮಗು ಐದು ಬಣ್ಣ ಎಂದರೆ ಅಂಕ ಕಡಿಯಬೇಕಾಗಿಲ್ಲ.

ಹನಿಯೊಳಗೆ ಎರಡು ಸಲ ಬಡಿದು ಹೊರಬಂದ ಬೆಳಕು 51 ಡಿಗ್ರಿಯಲ್ಲಿ ಎರಡನೇ ಬಿಲ್ಲಾಗುತ್ತದೆ. ಅದರಲ್ಲಿ ಬಣ್ಣಗಳ ಸಾಲು ಉಲ್ಟಾ, ಕೆಂಪು ಒಳಬದಿಗೆ. ಎರಡು ಬಿಲ್ಲುಗಳ ನಡುವಿನ ಪಟ್ಟಿ ಸುತ್ತಲಿನ ಆಕಾಶಕ್ಕಿಂತ ಕಪ್ಪಗಿರುತ್ತದೆ; ಅಲ್ಲಿರುವ ಹನಿಗಳು ಈ ಎರಡು ಬಗೆಯ ಬೆಳಕನ್ನೂ ನಮ್ಮ ಕಣ್ಣಿಗೆ ಕಳಿಸುವುದಿಲ್ಲ. ಒಳಬಿಲ್ಲಿನ ಕೆಳಗಿನ ಆಕಾಶ ಮಾತ್ರ ಬೆಳ್ಳಗೆ. ಫೋಟೊ ತೆಗೆದವರು ಒಮ್ಮೆ ಝೂಮ್ ಮಾಡಿ ನೋಡಿ.

ಬಣ್ಣ ಗಾಢವೋ ಪೇಲವವೋ ಎಂಬುದು ಹನಿಯ ಗಾತ್ರಕ್ಕೆ ಬಿಟ್ಟದ್ದು. ಒಂದೆರಡು ಮಿಲಿಮೀಟರಿನ ದಪ್ಪ ಹನಿಗಳ ಗುಡುಗುಮಳೆಯಲ್ಲಿ ಕೆಂಪು ಎದ್ದು ಕಾಣುತ್ತದೆ. ಜಿರಿಜಿರಿ ಮಳೆಯಲ್ಲಿ ಬಣ್ಣಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಇನ್ನೂ ಸಣ್ಣದಾಗಿ ಮಂಜಿನ ಹನಿಯಾದರೆ ಬಣ್ಣವೇ ಇಲ್ಲದ ಬಿಳಿ ಬಿಲ್ಲು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬೆನ್ನಿಗೆ ಬಿಸಿಲು ಬಿದ್ದು ಎದುರಿನ ಕಣಿವೆಯಲ್ಲಿ ಮಂಜು ತುಂಬಿರುವಾಗ ಇದಕ್ಕೆ ಬೇಕಾದುದೆಲ್ಲ ಒದಗಿರುತ್ತದೆ. ಆ ಬಿಳಿ ಕಮಾನನ್ನು ಕಂಡವರು ಅದನ್ನು ಮಂಜೆಂದೇ ಬಿಟ್ಟುಬಿಡುತ್ತಾರೆ.

ಬಿಲ್ಲನ್ನು ಕೈಗೆಟಕುವಷ್ಟು ಹತ್ತಿರದಿಂದ ನೋಡಬೇಕಾದರೆ ಮಳೆಗಾಲ ಬೇಡ, ಫೆಬ್ರವರಿಯ ಅಡಿಕೆ ತೋಟ ಸಾಕು. ಬೆಳಿಗ್ಗೆ ಎಂಟರ ಹೊತ್ತಿಗೆ ಪಂಪು ಹಾಕಿ ಸ್ಪ್ರಿಂಕ್ಲರ್ ತಿರುಗಲು ಬಿಟ್ಟಾಗ, ತೋಟದ ಅಂಚಿನ ದರೆಯ ಮೇಲೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಜೆಟ್ ತಿರುಗಿ ಎದುರಿಗೆ ಬಂದಾಗಲೆಲ್ಲ ನೀರಿನ ತೆರೆಯಲ್ಲಿ ಬಿಲ್ಲು ಹೊತ್ತಿಕೊಳ್ಳುತ್ತದೆ, ಜೆಟ್ ಆಚೆ ಸರಿದರೆ ಆರುತ್ತದೆ. ದರೆಯ ಕೆಳಗೂ ಹನಿ ಹಾರುವುದರಿಂದ ಅರ್ಧಕ್ಕಿಂತ ಹೆಚ್ಚಿನ ವರ್ತುಲ ಕಾಣಬಹುದು. ಈಗ ಎಡಗಣ್ಣು ಮುಚ್ಚಿ. ಎದುರಿನ ಅಡಿಕೆ ಮರದ ಪಕ್ಕದಲ್ಲಿದ್ದ ಬಿಲ್ಲು ತುಸು ಬಲಕ್ಕೆ ಸರಿಯುತ್ತದೆ. ಬಲಗಣ್ಣು ಮುಚ್ಚಿದರೆ ಎಡಕ್ಕೆ. ಎರಡು ಕಣ್ಣಿಗೆ ಎರಡು ಬಿಲ್ಲು! ಪಕ್ಕದಲ್ಲಿ ನಿಂತ ಕೆಲಸದವರಿಗೆ ಕಾಣುವುದು ಮೂರನೆಯದು, ನಾಲ್ಕನೆಯದು. ಕಾಮನಬಿಲ್ಲಿನ ಬುಡ ಹುಡುಕಿಕೊಂಡು ಹೋದವರಿಗೆ ಅದು ಯಾಕೆ ಸಿಗುವುದಿಲ್ಲ ಎಂಬುದು ಇಲ್ಲಿ ತಾನಾಗಿ ತಿಳಿಯುತ್ತದೆ. ಅದು ಒಂದು ಜಾಗದಲ್ಲಿರುವ ವಸ್ತುವಲ್ಲ. ನೋಡುವವರ ಕಣ್ಣಿನಿಂದ ಅಳೆದ ಕೋನ ಮಾತ್ರ.

ಊರಿನ ಉಳಿದ ಬಣ್ಣಗಳು ಹೀಗಲ್ಲ, ಅವು ಇದ್ದಲ್ಲೇ ಇರುತ್ತವೆ. ಆದರೆ ವಿಚಾರಿಸುತ್ತಾ ಹೋದರೆ ಅವುಗಳ ಬುಡದಲ್ಲೂ ಮಳೆಯೇ ಇದೆ. ಮುರಕಲ್ಲಿನ ಕೆಂಪನ್ನೇ ತೆಗೆದುಕೊಳ್ಳಿ. ಬಿಸಿಲು, ಮಳೆ ಲಕ್ಷಾಂತರ ವರ್ಷ ಒಂದರ ಹಿಂದೊಂದರಂತೆ ಬಂಡೆಯನ್ನು ಕೊಳೆಸಿ, ಕರಗುವ ಅಂಶಗಳನ್ನೂ ಸಿಲಿಕಾವನ್ನೂ ತೊಳೆದು ಒಯ್ದಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಮ್‌ಗಳ ಆಕ್ಸೈಡೇ ಮುರಕಲ್ಲು. ಕೋರೆಯಲ್ಲಿ ಕಡಿದ ಹೊಸ ಕಲ್ಲನ್ನು ಹತ್ತಿರದಿಂದ ನೋಡಿ, ಒಂದೇ ಬಣ್ಣ ಇರುವುದಿಲ್ಲ: ಕಡುಗೆಂಪು ಹೆಮಟೈಟ್, ಅರಸಿನ ಬಣ್ಣದ ಗೋಥೈಟ್, ನಡುನಡುವೆ ಬೆಳ್ಳನೆಯ ಜೇಡಿಯ ಕಲೆ, ತೂತುಗಳು. ಕಡಿಯುವಾಗ ಮೆತ್ತಗಿರುವ ಇದು ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. 1800-01ರಲ್ಲಿ ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಜಗತ್ತಿನ ಭೂವಿಜ್ಞಾನ ಇವತ್ತಿಗೂ ಅದೇ ಹೆಸರನ್ನು ಹೇಳುತ್ತದೆ. ಜುಲೈಯಲ್ಲಿ ಪಾಣೆಮಂಗಳೂರು ಸೇತುವೆಯ ಕೆಳಗೆ ನೇತ್ರಾವತಿ ಕೆಂಪಾಗಿ ಹರಿಯುವಾಗ ಈ ಕೆಂಪಿನದ್ದೇ ಒಂದು ಪಾಲು ಸಮುದ್ರಕ್ಕೆ ಹೋಗುತ್ತಿರುತ್ತದೆ.

ಮಳೆ ಬಿಟ್ಟ ಕೂಡಲೇ ಎಲ್ಲ ಬಣ್ಣಗಳೂ ಯಾಕೆ ಅಷ್ಟು ಗಾಢ? ಗಾಳಿಯ ಧೂಳು ತೊಳೆದುಹೋಗಿರುವುದು ಒಂದು ಕಾರಣ. ಇನ್ನೊಂದು, ಒದ್ದೆಯಾದ ಮೇಲ್ಮೈ. ಒಣ ಪಾಗಾರದ ಒರಟು ಮೈ ಬೆಳಕನ್ನು ಎಲ್ಲ ಕಡೆಗೂ ಚದುರಿಸುವುದರಿಂದ ಬಣ್ಣದ ಮೇಲೆ ಒಂದು ಬಿಳಿಚು ಮುಸುಕಿರುತ್ತದೆ. ನೀರು ತೂತುಗಳನ್ನು ತುಂಬಿದಾಗ ಆ ಚದುರುವಿಕೆ ಕಡಿಮೆಯಾಗಿ ಬೆಳಕು ಕಲ್ಲಿನ ಒಳಕ್ಕೆ ಇಳಿಯುತ್ತದೆ, ನೀರಿನ ಪದರಕ್ಕೆ ಒಳಗಿನಿಂದ ಬಡಿದು ಮತ್ತೆ ಮತ್ತೆ ಕಲ್ಲಿಗೇ ಮರಳುತ್ತದೆ. ಪ್ರತಿ ಸಲವೂ ಕಬ್ಬಿಣದ ಆಕ್ಸೈಡು ನೀಲಿ, ಹಸಿರನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತದೆ. ಅದಕ್ಕೇ ಒದ್ದೆ ಪಾಗಾರ ಕಪ್ಪುಗೆಂಪು, ಅದರ ಮೇಲಿನ ಪಾಚಿ ಕಣ್ಣು ಕೋರೈಸುವ ಹಸಿರು.

ಹೀಗೆ ಬೆಳಕನ್ನು ನುಂಗುವ ಬಣ್ಣಗಳಿಗೆ ಒಂದು ಗುಣವಿದೆ, ಜೋಪಾನ ಮಾಡಿದರೆ ಬಾಳುತ್ತವೆ. ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದ ಧವಲಾ ಎಂಬ ಜೈನ ಗ್ರಂಥದ ತಾಳೆಗರಿಗಳ ಚಿತ್ರಗಳು ಹನ್ನೆರಡನೇ ಶತಮಾನದವು. ಒಂಬತ್ತು ಶತಮಾನ ದಾಟಿದ ಮೇಲೂ ಆ ಸಣ್ಣ ಚೌಕಗಳಲ್ಲಿ ಬಣ್ಣ ಇನ್ನೂ ನಿಂತಿದೆ, ಕರಾವಳಿಯ ಈ ತೇವದ ನಡುವೆ. ಇತ್ತ, ತೋಟ ಗದ್ದೆಗಳಲ್ಲಿ ಈಚೆಗೆ ಕೃಷಿಕರ ನಿದ್ದೆಗೆಡಿಸುತ್ತಿರುವ ನವಿಲಿನ ನೀಲಿ ಬಿಲ್ಲಿನಂತೆ ಬಾಗಿದ್ದೂ ಅಲ್ಲ, ಕಲ್ಲಿನಂತೆ ನುಂಗಿದ್ದೂ ಅಲ್ಲ, ಮೂರನೆಯ ಬಗೆಯದು. ಗರಿಯಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಗಳ ಜೋಡಣೆಯಿಂದ ಬೆಳಕಿನ ಅಲೆಗಳು ಕೂಡಿ ಕಳೆದು ಆ ಹೊಳಪು ಬರುತ್ತದೆ. ಗರಿ ಓರೆ ಮಾಡಿದರೆ ಬಣ್ಣ ಬದಲಾಗುವುದು ಅದಕ್ಕೇ.

ಮತ್ತೆ ಬಿಲ್ಲಿಗೇ ಬರುವುದಾದರೆ, ಜಗತ್ತಿನಲ್ಲಿ ಕಾಮನಬಿಲ್ಲಿಗೆ ಹೆಸರಾದ ಊರೆಂದರೆ ಹವಾಯಿ ದ್ವೀಪಗಳು. ಅಲ್ಲಿನ ವಾಹನಗಳ ನಂಬರ್ ಪ್ಲೇಟಿನಲ್ಲೂ ಬಿಲ್ಲಿನ ಚಿತ್ರವಿದೆ. ಪೂರ್ವದ ವಾಣಿಜ್ಯ ಮಾರುತ ಸಮುದ್ರದಿಂದ ಬಂದು ಬೆಟ್ಟಕ್ಕೆ ಬಡಿದು, ಬಿಡಿಬಿಡಿ ತುಂಡು ಮಳೆಯಾಗಿ ಸುರಿಯುತ್ತದೆ, ನಡುನಡುವೆ ತಿಳಿ ಆಕಾಶ. ಸಮುದ್ರ, ಗಾಳಿ, ಬೆಟ್ಟ ನಮ್ಮಲ್ಲೂ ಇವೆ. ವ್ಯತ್ಯಾಸ ಇಷ್ಟೆ: ನಮ್ಮ ಮುಂಗಾರು ಧಾರಾಳಿ, ಮಧ್ಯೆ ಸಂದು ಬಿಡುವುದಿಲ್ಲ. ಸೋಣದ ಮಳೆಯೇ ವರ್ಷವಿಡೀ ಬಂದರೆ ಬೆಳ್ತಂಗಡಿಯೂ ಹವಾಯಿಯೇ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಭೂಮಿಯ ನೆಲಭಾಗದಲ್ಲಿ ಸರಾಸರಿ ವರ್ಷಕ್ಕೆ 117 ದಿನ ಬಿಲ್ಲು ಮೂಡಲು ತಕ್ಕ ಪರಿಸ್ಥಿತಿ ಇರುತ್ತದೆ ಎಂದು ಅಂದಾಜು ಮಾಡಿತು. ಹವಾಮಾನ ಬದಲಾಗುತ್ತಿರುವ ಪರಿಯಲ್ಲಿ 2100ರ ಹೊತ್ತಿಗೆ ಈ ಸರಾಸರಿ ಶೇ 4ರಿಂದ 5ರಷ್ಟು ಹೆಚ್ಚಬಹುದಂತೆ. ಹೆಚ್ಚುವುದು ಬಹುಮಟ್ಟಿಗೆ ಹಿಮ ಕಡಿಮೆಯಾಗಿ ಮಳೆ ಜಾಸ್ತಿಯಾಗುವ ಉತ್ತರದ ಶೀತ ಪ್ರದೇಶಗಳಲ್ಲಿ. ಹವಾಮಾನದ ಏರುಪೇರಿನಲ್ಲಿ ಯಾರಿಗಾದರೂ ಸಿಕ್ಕ ಲಾಭ ಇದೊಂದೇ ಇರಬೇಕು, ಅದೂ ನಮಗಲ್ಲ.

ಈ ಸಲ ಬಿಲ್ಲು ಕಂಡರೆ ಮೊಬೈಲು ಎತ್ತುವ ಮೊದಲು ಎರಡು ಕೆಲಸ ಮಾಡಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಬಿಲ್ಲಿನ ಅಗಲ 84 ಡಿಗ್ರಿ. ಮೊಬೈಲಿನ ಸಾದಾ ಕ್ಯಾಮೆರಾಕ್ಕೆ ಅಷ್ಟು ಹಿಡಿಯುವುದಿಲ್ಲ, ವೈಡ್ ಆಂಗಲ್‌ಗೆ ಬದಲಾಯಿಸಿಕೊಳ್ಳಿ. ಎರಡನೆಯದಾಗಿ, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದರೆ ತೆಗೆಯಿರಿ. ಬಿಲ್ಲಿನ ಬೆಳಕು ಕಮಾನಿನ ಗುಂಟ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಅಂಥ ಕನ್ನಡಕ ಬಿಲ್ಲಿನ ನೆತ್ತಿಯನ್ನೇ ಅಳಿಸಿ ಎರಡು ಕಾಲುಗಳನ್ನಷ್ಟೇ ಉಳಿಸುತ್ತದೆ. ನಂಬಿಕೆ ಬಾರದಿದ್ದರೆ ಕನ್ನಡಕವನ್ನು ಕೈಯಲ್ಲಿ ಹಿಡಿದು ನಿಧಾನ ತಿರುಗಿಸಿ ನೋಡಿ: ಅಡ್ಡ ಹಿಡಿದರೆ ನೆತ್ತಿ ಮಾಯ, ನೆಟ್ಟಗೆ ಹಿಡಿದರೆ ನೆತ್ತಿ ವಾಪಸು, ಕಾಲುಗಳು ಮಾಯ.